ಲೂಪ್ ಸುತ್ತಿ ಬಂದಾಗ ಕೋರಸ್ ಯಾಕೆ ಎಡವುತ್ತದೆ?

ಪ್ರಶ್ನೆ: ನಾನು ಮಂಗಳೂರಿನವನು. ಮೂರು ವರ್ಷದಿಂದ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದೇನೆ. ನಮ್ಮ ಮಾವ 80ರ ದಶಕದಲ್ಲಿ ಮದುವೆ ಬ್ಯಾಂಡ್‌ನಲ್ಲಿ ಗಿಟಾರ್ ನುಡಿಸುತ್ತಿದ್ದರು. ಆಗ ಗಲ್ಫ್‌ನಿಂದ ತಂದಿದ್ದ ಬಾಸ್ (Boss) ಕಂಪನಿಯ ಸಿಇ-2 ಕೋರಸ್ ಪೆಡಲ್ (ಕಾಲಲ್ಲಿ ಒತ್ತಿ ಗಿಟಾರಿನ ಸದ್ದು ಬದಲಿಸುವ ಡಬ್ಬಿ) ಅನ್ನು ಈಗ ನನಗೆ ಕೊಟ್ಟಿದ್ದಾರೆ. ಹೋದ ತಿಂಗಳು ಒಂದೇ ಸ್ವಿಚ್ಚಿನ ಸಣ್ಣ ಲೂಪರ್ ಕೂಡ ತಗೊಂಡೆ, ನುಡಿಸಿದ್ದನ್ನು ರೆಕಾರ್ಡ್ ಮಾಡಿ ಮತ್ತೆ ಮತ್ತೆ ಸುತ್ತಿಸಿ ಕೇಳಿಸುವ ಪೆಡಲ್ ಅದು. ಗಿಟಾರ್, ಕೋರಸ್, ಲೂಪರ್, ಆಂಪ್ (ಆಂಪ್ಲಿಫೈಯರ್) ಈ ಕ್ರಮದಲ್ಲಿ ಜೋಡಿಸಿದ್ದೇನೆ. ಲೂಪ್ ಮುಗಿದು ಮತ್ತೆ ಮೊದಲಿಗೆ ಬರುವ ಜಾಗದಲ್ಲಿ ಸ್ವರ ಒಮ್ಮೆ ಜಾರಿದ ಹಾಗೆ ಕೇಳಿಸುತ್ತದೆ. ಕೋರಸ್ ಆಫ್ ಮಾಡಿ ರೆಕಾರ್ಡ್ ಮಾಡಿದರೆ ಹಾಗಾಗುವುದಿಲ್ಲ. ಇನ್ನೊಂದು, ಎರಡಕ್ಕೂ ಒಂದೇ 9 ವೋಲ್ಟ್ ಅಡಾಪ್ಟರ್‌ನಿಂದ ಕವಲು ವೈರ್ ಕೊಟ್ಟರೆ ಕೋರಸ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಹಿಂದೆ ಕುಂಯ್ ಅನ್ನುವ ಸದ್ದು. ಕೋರಸ್‌ಗೆ ಬೇರೆ 9 ವೋಲ್ಟ್ ಅಡಾಪ್ಟರ್ ಹಾಕಿದರೆ ಆ ಸದ್ದು ಹೋಗುತ್ತದೆ, ಆದರೆ ಕೆಂಪು ಲೈಟ್ ಮಂಕಾಗಿ ಕೋರಸ್ಸೇ ಸೊರಗುತ್ತದೆ. ಹಳೇದನ್ನು ಮಾರಿ ಹೊಸದು ತಗೋ ಅಂತ ಗೆಳೆಯರು ಹೇಳುತ್ತಿದ್ದಾರೆ. ಏನು ಮಾಡಲಿ ಸರ್?

ಉತ್ತರ: ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಮಾರಬೇಡಿ. ನೀವು ಬರೆದ ಲಕ್ಷಣ ನೋಡಿದರೆ ಮಾವನ ಪೆಡಲ್ ಗಟ್ಟಿಯಾಗಿಯೇ ಇದೆ. ಹೊಸ ಲೂಪರ್‌ನಲ್ಲೂ ದೋಷ ಇಲ್ಲ. ಎರಡನ್ನೂ ಬೇರೆ ಬೇರೆ ನುಡಿಸಿದರೆ ಯಾವ ತಕರಾರೂ ಇರುವುದಿಲ್ಲ. ತಕರಾರು ಇರುವುದು ಅವೆರಡರ ಸಂಸಾರದಲ್ಲಿ.

ಕೋರಸ್, ಲೂಪರ್ ಎರಡೂ ಮಾಡುವುದು ಒಂದೇ ಕೆಲಸ. ನೀವು ನುಡಿಸಿದ ಸದ್ದನ್ನು ಹಿಡಿದಿಟ್ಟುಕೊಂಡು, ಸ್ವಲ್ಪ ಹೊತ್ತಿನ ಮೇಲೆ ವಾಪಸ್ ಕೊಡುವುದು. ಕೋರಸ್ ಸೆಕೆಂಡಿನ ನೂರನೇ ಒಂದು ಪಾಲಿನಷ್ಟು ಹೊತ್ತು ಇಟ್ಟುಕೊಂಡರೆ, ಲೂಪರ್ ನಿಮಿಷಗಟ್ಟಲೆ ಇಟ್ಟುಕೊಳ್ಳುತ್ತದೆ. ಇಷ್ಟು ನೆನಪಿಟ್ಟುಕೊಂಡರೆ ನಿಮ್ಮ ಜಾರುವ ಸ್ವರದ ಗುಟ್ಟು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಸಿಇ-2ರ ಒಳಗೆ ಏನಿದೆ ನೋಡೋಣ. 1969ರಲ್ಲಿ ಹಾಲೆಂಡಿನ ಫಿಲಿಪ್ಸ್ ಸಂಶೋಧನಾ ಪ್ರಯೋಗಾಲಯದಲ್ಲಿ ಸ್ಯಾಂಗ್‌ಸ್ಟರ್ ಮತ್ತು ಟೀರ್ ಎಂಬ ಇಬ್ಬರು ಒಂದು ಹೊಸ ಬಗೆಯ ಸರ್ಕ್ಯೂಟ್ ಮಾಡಿದರು. ಹೆಸರು ಬಕೆಟ್ ಬ್ರಿಗೇಡ್. ಬೆಂಕಿ ಆರಿಸುವಾಗ ಸಾಲಾಗಿ ನಿಂತು ನೀರಿನ ಬಕೆಟ್ಟನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಆ ಹೆಸರು. ನಮ್ಮಲ್ಲಿ ಇದನ್ನು ನೋಡಬೇಕಾದರೆ ಯಾರಾದರೂ ಮನೆಗೆ ಮೋಲ್ಡ್ ಹಾಕುವ ದಿನ ಹೋಗಿ ನಿಲ್ಲಬೇಕು. ಕೆಳಗೆ ಮಿಕ್ಸರ್. ಅಲ್ಲಿಂದ ಸಾರ್ವೆಯ ಮೇಲೆ ಸಾಲಾಗಿ ಜನ. ಕಾಂಕ್ರೀಟ್ ತುಂಬಿದ ಬಾಂಡ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹಾರುತ್ತಾ ಮೇಲೆ ಹೋಗುತ್ತದೆ. ಒಬ್ಬರೂ ಜಾಗ ಬಿಟ್ಟು ಕದಲುವುದಿಲ್ಲ, ಕಾಂಕ್ರೀಟ್ ಮಾತ್ರ ಕದಲುತ್ತದೆ.

ಸಿಇ-2ರಲ್ಲಿ ಆ ಸಾಲು ಅಂದರೆ ಎಂಎನ್3007 ಎಂಬ ಎಂಟು ಕಾಲಿನ ಕರೀ ಚಿಪ್. ಜಪಾನಿನ ಮತ್ಸುಷಿತಾ, ಅಂದರೆ ಪ್ಯಾನಸೋನಿಕ್‌ನವರು ಮಾಡಿದ್ದು. ಅದರಲ್ಲಿ 1024 ಬಾಂಡ್ಲಿಗಳಿವೆ. ಬಾಂಡ್ಲಿ ಅಂದರೆ ಇಲ್ಲಿ ಚಿಕ್ಕ ಚಿಕ್ಕ ಕೆಪಾಸಿಟರ್, ಕಾಂಕ್ರೀಟ್ ಅಂದರೆ ನಿಮ್ಮ ಗಿಟಾರಿನ ವೋಲ್ಟೇಜ್. ಪಕ್ಕದಲ್ಲಿ ಎಂಎನ್3101 ಅಂತ ಇನ್ನೊಂದು ಚಿಪ್ ಇದೆ, ಅದು ಮೇಸ್ತ್ರಿ. "ಹೂಂ, ದಾಟಿಸು, ದಾಟಿಸು" ಅನ್ನುತ್ತಾ ತಾಳ ಹಾಕುವುದು ಅದರ ಕೆಲಸ. ಮೇಸ್ತ್ರಿ ಸೆಕೆಂಡಿಗೆ ಒಂದು ಲಕ್ಷ ಸಲ ತಾಳ ಹಾಕಿದರೆ ನಿಮ್ಮ ಸದ್ದು 5.12 ಮಿಲಿಸೆಕೆಂಡಿನಲ್ಲಿ ಆಚೆ ತುದಿಗೆ ಬರುತ್ತದೆ. ಐವತ್ತು ಸಾವಿರ ಸಲ ಹಾಕಿದರೆ 10.24 ಮಿಲಿಸೆಕೆಂಡ್. ಇಲ್ಲಿ ಕಂಪ್ಯೂಟರ್ ಇಲ್ಲ, ಅಂಕಿ ಇಲ್ಲ. ದಾರಿಯಲ್ಲಿ ಚೂರು ಚೆಲ್ಲುವುದೂ ಉಂಟು. ಹಾಗೆ ಚೆಲ್ಲಿ ಹೋಗುವುದರಲ್ಲಿ ಮೇಲಿನ ತೀಕ್ಷ್ಣ ಸ್ವರಗಳೇ ಜಾಸ್ತಿ. ಹಳೇ ಕೋರಸ್ "ಬೆಚ್ಚಗೆ" ಕೇಳಿಸುತ್ತದೆ ಅಂತಾರಲ್ಲ, ಅದರಲ್ಲಿ ಒಂದು ಪಾಲು ಈ ಚೆಲ್ಲಾಟದ್ದು.

ಸದ್ದು ತಡವಾಗಿ ಬಂದರಷ್ಟೇ ಕೋರಸ್ ಆಗುವುದಿಲ್ಲ. ಮೇಸ್ತ್ರಿಯ ತಾಳ ಒಂದೇ ಸಮ ಇರಬಾರದು. ಒಮ್ಮೆ ಜೋರು, ಒಮ್ಮೆ ನಿಧಾನ, ಮತ್ತೆ ಜೋರು. ಬಾಂಡ್ಲಿಗಳು ದಾರಿಯಲ್ಲಿರುವಾಗಲೇ ತಾಳ ಜೋರಾದರೆ ಒಳಗೆ ಹೋದದ್ದಕ್ಕಿಂತ ಬೇಗ ಬೇಗ ಹೊರಗೆ ಬೀಳುತ್ತವೆ. ಆಗ ಸ್ವರ ಕೂದಲೆಳೆಯಷ್ಟು ಏರುತ್ತದೆ. ತಾಳ ನಿಧಾನವಾದರೆ ಇಳಿಯುತ್ತದೆ. ಈ ಏರಿಳಿಯುವ ಸ್ವರವನ್ನು ನಿಮ್ಮ ನೇರ ಸ್ವರದ ಜೊತೆ ಬೆರೆಸಿದರೆ ಕೋರಸ್. ನೇರ ಸ್ವರ ತೆಗೆದು ಏರಿಳಿಯುವುದನ್ನು ಮಾತ್ರ ಕೇಳಿಸಿದರೆ ವೈಬ್ರಾಟೊ.

ಇದು ನಮ್ಮ ಕಿವಿಗೆ ಹೊಸದೇನಲ್ಲ. ತಂಬೂರಿಯ ನಡುವಿನ ಎರಡು ತಂತಿಗಳನ್ನು ಒಂದೇ ಷಡ್ಜಕ್ಕೆ ಕೂಡಿಸಿರುತ್ತಾರೆ. ಎಷ್ಟೇ ಕೂಡಿಸಿದರೂ ಎರಡರ ನಡುವೆ ಒಂಚೂರು ಅಂತರ ಉಳಿದರೆ ನಾದ ಅಲೆ ಅಲೆಯಾಗಿ ಏಳುತ್ತದೆ. ಶನಿವಾರದ ಭಜನೆಯಲ್ಲಿ ಹತ್ತು ಜನ ಒಂದೇ ಸ್ವರ ಹಿಡಿದಾಗ ಆಗುವುದೂ ಅದೇ. ಯಾರೂ ಪೂರ್ತಿ ಒಂದೇ ಅಲ್ಲ, ಯಾರೂ ಪೂರ್ತಿ ಬೇರೆಯೂ ಅಲ್ಲ. ಕೋರಸ್ ಪೆಡಲ್ ಒಂದು ಗಿಟಾರನ್ನು ಆ ಗುಂಪು ಮಾಡಲು ಹೊರಡುತ್ತದೆ.

ಇದನ್ನು ಮೊದಲು ಗಿಟಾರಿನವರ ಮನೆಗೆ ತಂದದ್ದು ಜಪಾನಿನ ರೋಲ್ಯಾಂಡ್. 1975ರಲ್ಲಿ ಅವರು ಜೆಸಿ-120 ಎಂಬ ಆಂಪ್ ಮಾಡಿದರು. ಅದರಲ್ಲಿ ಎರಡು ಸ್ಪೀಕರ್. ಕೋರಸ್ ಹಾಕಿದರೆ ಒಂದು ಸ್ಪೀಕರ್‌ನಲ್ಲಿ ನೇರ ಸ್ವರ, ಇನ್ನೊಂದರಲ್ಲಿ ಏರಿಳಿಯುವ ಸ್ವರ. ಎರಡೂ ಬೆರೆಯುವುದು ಸರ್ಕ್ಯೂಟಿನಲ್ಲಿ ಅಲ್ಲ, ಕೋಣೆಯ ಗಾಳಿಯಲ್ಲಿ. ಎದುರು ಕೂತು ಒಮ್ಮೆ ಕೇಳಿ ನೋಡಿ, ಮರೆಯುವುದಿಲ್ಲ. ಮರುವರ್ಷ, 1976ರಲ್ಲಿ, ಆ ಸರ್ಕ್ಯೂಟನ್ನು ಆಂಪಿನಿಂದ ಹೊರತೆಗೆದು ಇಟ್ಟಿಗೆಯಂಥ ಡಬ್ಬಿಯಲ್ಲಿ ಕೂರಿಸಿ, ಬಾಸ್ ಎಂಬ ತಮ್ಮದೇ ಬ್ರ್ಯಾಂಡಿನಲ್ಲಿ ಸಿಇ-1 ಅಂತ ಮಾರಿದರು. ಅದಕ್ಕೆ ನೇರವಾಗಿ ಗೋಡೆಯ ಕರೆಂಟೇ ಬೇಕಿತ್ತು. 1979ರಲ್ಲಿ ಬಂದದ್ದು ನಿಮ್ಮ ಸಿಇ-2. ಅಂಗೈ ಅಗಲದ್ದು, ತಿಳಿನೀಲಿ ಬಣ್ಣ, ಎರಡೇ ನಾಬ್, ಒಂದು 9 ವೋಲ್ಟ್ ಬ್ಯಾಟರಿ ಸಾಕು.

ಆ ಎರಡು ನಾಬ್ ಪೈಕಿ ರೇಟ್ ಅನ್ನುವುದು ಮೇಸ್ತ್ರಿ ಎಷ್ಟು ಬೇಗ ಬೇಗ ಮನಸ್ಸು ಬದಲಿಸುತ್ತಾನೆ ಅನ್ನುವುದು. ಡೆಪ್ತ್ ಅಂದರೆ ಎಷ್ಟು ಬದಲಿಸುತ್ತಾನೆ ಅನ್ನುವುದು. ಈ ಏರಿಳಿತವನ್ನು ಒಂದು ಜೋಕಾಲಿ ಅಂದುಕೊಳ್ಳಿ. ಪೆಡಲ್‌ಗೆ ಕರೆಂಟ್ ಇರುವವರೆಗೂ ಅದು ತೂಗುತ್ತಲೇ ಇರುತ್ತದೆ. ನೀವು ನುಡಿಸಿ, ಬಿಡಿ, ಲೂಪರ್ ಒತ್ತಿ, ಬಿಡಿ, ಅದಕ್ಕೆ ಸಂಬಂಧ ಇಲ್ಲ.

ಈಗ ನಿಮ್ಮ ಜಾರುವ ಸ್ವರಕ್ಕೆ ಬರೋಣ.

ಲೂಪ್ ಅಂದರೆ ಹೂವಿನ ಹಾರ. ಕಟ್ಟುತ್ತಾ ಹೋಗಿ ಕೊನೆಗೆ ಎರಡು ತುದಿ ಸೇರಿಸಿ ಗಂಟು ಹಾಕುತ್ತೇವೆ. ಹಾರದ ಮೊದಲ ಹೂವು ನೀವು ಲೂಪರ್ ಒತ್ತಿದ ಗಳಿಗೆ, ಕೊನೆಯ ಹೂವು ಎರಡನೇ ಸಲ ಒತ್ತಿದ ಗಳಿಗೆ. ಕೋರಸ್ ಇಲ್ಲದೆ ಎರಡೂ ಹೂವು ಒಂದೇ ಬಣ್ಣ, ಗಂಟು ಕಾಣುವುದಿಲ್ಲ. ಕೋರಸ್ ಇದ್ದಾಗ ಮೊದಲ ಹೂವಿನ ಹೊತ್ತಿಗೆ ಜೋಕಾಲಿ ಮುಂದಿತ್ತು ಅನ್ನೋಣ, ಕೊನೆಯದರ ಹೊತ್ತಿಗೆ ಹಿಂದಿತ್ತು. ಲೂಪರ್ ಎರಡನ್ನೂ ಒಟ್ಟಿಗೆ ತಂದು ಕಟ್ಟಿದಾಗ ಜೋಕಾಲಿ ನಡುವಿನ ದಾರಿಯನ್ನೇ ಬಿಟ್ಟು ಹಿಂದಿನಿಂದ ಮುಂದಕ್ಕೆ ಹಾರುತ್ತದೆ. ಏರುತ್ತಿದ್ದ ಸ್ವರ ಏಕಾಏಕಿ ಇಳಿಯುತ್ತದೆ. ನೀವು ಕೇಳುತ್ತಿರುವುದು ಆ ಹಾರಿಕೆಯನ್ನು. ಒಮ್ಮೆ ಆದರೆ ಕಿವಿ ಕ್ಷಮಿಸುತ್ತದೆ. ಆದರೆ ಲೂಪ್ ಅಲ್ವಾ, ಹತ್ತು ಸೆಕೆಂಡಿಗೊಮ್ಮೆ ಅದೇ ಜಾಗದಲ್ಲಿ ಅದೇ ಎಡವಟ್ಟು ಬರುತ್ತಲೇ ಇರುತ್ತದೆ.

ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 90 ಬೀಟ್ ಓಟದಲ್ಲಿ ನಾಲ್ಕು ಬಾರ್, ಅಂದರೆ 16 ಬೀಟ್ ನುಡಿಸಿದಿರಿ. ಲೂಪಿನ ಉದ್ದ 10.67 ಸೆಕೆಂಡ್. ಕೋರಸ್ಸಿನ ಜೋಕಾಲಿ 1.4 ಸೆಕೆಂಡಿಗೆ ಒಂದು ಸಲ ತೂಗುತ್ತಿದೆ ಅನ್ನಿ. ಲೂಪ್ ಮುಗಿಯುವಷ್ಟರಲ್ಲಿ ಅದು 7 ಸಲ ತೂಗಿ, ಎಂಟನೆಯದರಲ್ಲಿ ಅರ್ಧ ದಾಟಿರುತ್ತದೆ. ಗಂಟಿಗೆ ತುಂಬಾ ಕೆಟ್ಟ ಜಾಗ ಇದು. ಜೋಕಾಲಿ 1.33 ಸೆಕೆಂಡಿಗೆ ತೂಗಿದ್ದರೆ ಸರಿಯಾಗಿ 8 ಸಲ ಆಗುತ್ತಿತ್ತು, ಗಂಟು ಮಾಯ.

ನನ್ನ ಊಹೆ ಸರಿಯೋ ತಪ್ಪೋ ಪರೀಕ್ಷೆ ಮಾಡುವುದು ಸುಲಭ. ಡೆಪ್ತ್ ನಾಬ್ ಪೂರ್ತಿ ಎಡಕ್ಕೆ ತಿರುಗಿಸಿ ಒಂದು ಲೂಪ್ ಮಾಡಿ. ಜಾರುವುದು ನಿಂತರೆ ಇದೇ ಕಾರಣ. ಆಗಲೂ ಎಡವಿದರೆ ತಪ್ಪು ಕಾಲಿನದು. ಬೀಟಿಗೆ ಸರಿಯಾಗಿ ಒತ್ತುತ್ತಿಲ್ಲ ಅಂತ ಅರ್ಥ. ಶುರುವಿನಲ್ಲಿ ಎಲ್ಲರೂ ಮಾಡುವ ತಪ್ಪು ಇದು. ಕೊನೆಯ ಕಾರ್ಡ್ ಮುಗಿಯಿತು ಅಂತ ಒತ್ತುತ್ತಾರೆ. ಒತ್ತಬೇಕಾದದ್ದು ಮುಂದಿನ ಸುತ್ತಿನ "ಒಂದು" ಬಿದ್ದಾಗ. ಬಾಯಲ್ಲಿ ಎಣಿಸಿ, ಕಾಲು ಆ ಒಂದಕ್ಕೆ ಬೀಳಲಿ. ಶೂ ಬಿಚ್ಚಿ ಒತ್ತಿದರೆ ಇನ್ನೂ ಒಳ್ಳೇದು, ಸ್ವಿಚ್ ಎಲ್ಲಿ ಕಚ್ಚುತ್ತದೆ ಅಂತ ಬೆರಳಿಗೆ ಗೊತ್ತಾಗುತ್ತದೆ.

ಕಾರಣ ಇದೇ ಅಂದರೆ ಪರಿಹಾರ ಏನು? ರೇಟ್ ನಾಬ್ ತಿರುಗಿಸಿ ಲೆಕ್ಕಕ್ಕೆ ಕೂರಿಸಬಹುದು ಅಂತ ಅನ್ನಿಸುತ್ತದೆ. ಡೆಪ್ತ್ ಏರಿಸಿ, ಒಂದು ಸ್ವರ ಹಿಡಿದು, ಹತ್ತು ಸಲ ತೂಗುವುದಕ್ಕೆ ಎಷ್ಟು ಹೊತ್ತು ಅಂತ ಫೋನಿನ ಸ್ಟಾಪ್‌ವಾಚ್‌ನಲ್ಲಿ ನೋಡಿ, 13.3 ಸೆಕೆಂಡಿಗೆ ತಂದು ನಿಲ್ಲಿಸಬಹುದು. ನಾನೂ ಒಂದು ಭಾನುವಾರ ಪೂರ್ತಿ ಇದನ್ನೇ ಮಾಡುತ್ತಾ ಕೂತಿದ್ದೆ. ಕೆಲಸಕ್ಕೆ ಬರುವುದಿಲ್ಲ. ನಾಬ್‌ನಲ್ಲಿ ಉಗುರಿನಷ್ಟು ಆಚೀಚೆ ಆದರೂ ಎಂಟು ತೂಗಿಗೆ ಆ ವ್ಯತ್ಯಾಸ ಕೂಡುತ್ತಾ ಹೋಗುತ್ತದೆ. ಮೇಲಾಗಿ ನಿಮ್ಮ ಓಟವೂ ದಿನಾ 90 ಇರುವುದಿಲ್ಲ.

ಎರಡನೇ ದಾರಿ ಕ್ರಮ ಬದಲಿಸುವುದು. ಲೂಪರ್ ಮೊದಲು, ಕೋರಸ್ ಆಮೇಲೆ. ಈಗ ಲೂಪರ್ ಹಿಡಿದಿಡುವುದು ಒಣ ಸ್ವರ, ಅಂದರೆ ಕೋರಸ್ ಸೋಕದ ನೇರ ಸ್ವರ. ಕೋರಸ್ ಕೊನೆಯಲ್ಲಿ ಕೂತು ಬಂದದ್ದನ್ನೆಲ್ಲ ತನ್ನ ಪಾಡಿಗೆ ತೂಗುತ್ತದೆ. ಲೂಪ್ ಸುತ್ತಿದರೂ ಜೋಕಾಲಿ ನಿಲ್ಲುವುದಿಲ್ಲ, ಹಾಗಾಗಿ ಗಂಟೇ ಇಲ್ಲ. ಇನ್ನೊಂದು ಲಾಭ: ಮೊದಲೆರಡು ಸುತ್ತು ಒಣದಾಗಿ ಓಡಿಸಿ, ಮೂರನೇ ಸುತ್ತಿಗೆ ಕೋರಸ್ ಒತ್ತಿದರೆ ಇಡೀ ಲೂಪ್ ಅರಳುತ್ತದೆ. ಸಣ್ಣ ಕಾರ್ಯಕ್ರಮದಲ್ಲಿ ಇದೊಂದು ಒಳ್ಳೆ ವರಸೆ.

ಆದರೆ ಇದಕ್ಕೆ ಬೆಲೆ ಇದೆ. ದಪ್ಪ ತಂತಿಯ ಮೇಲೆ ಬೇಸ್ ಥರ ಒಂದು ಸಾಲು ಹಾಕಿದ್ದರೆ ಅದೂ ಕೋರಸ್ಸಿನಲ್ಲಿ ಮುಳುಗುತ್ತದೆ. ಬೇಸ್ ತೂಗಾಡಿದರೆ ಹಾಡಿನ ಕಾಲ ಕೆಳಗಿನ ನೆಲವೇ ತೂಗಾಡಿದ ಹಾಗೆ. ಅದಕ್ಕಿಂತ ದೊಡ್ಡ ತೊಂದರೆ, ಲೂಪಿನ ಮೇಲೆ ನೀವು ನುಡಿಸುವ ಸೋಲೋ ಕೂಡ ಅದೇ ಕೋರಸ್ಸಿನ ಒಳಗೆ ಬರುತ್ತದೆ. ಕಾರ್ಡ್ ಎತ್ತ ತೂಗುತ್ತದೋ ಸೋಲೋವೂ ಅತ್ತಲೇ ತೂಗುತ್ತದೆ. ಎರಡೂ ಅಂಟಿಕೊಂಡು ಮುದ್ದೆ. ಸೋಲೋ ಎದ್ದು ನಿಲ್ಲಬೇಕಾದರೆ ಕಾರ್ಡ್ ಒದ್ದೆ ಇರಬೇಕು, ಸೋಲೋ ಒಣಗಿರಬೇಕು, ಅಥವಾ ತಿರುಗು ಮುರುಗು. ಅದು ಕೋರಸ್ ಮೊದಲು ಇದ್ದರೆ ಮಾತ್ರ ಸಾಧ್ಯ: ಕೋರಸ್ ಹಾಕಿ ಕಾರ್ಡ್ ರೆಕಾರ್ಡ್ ಮಾಡಿ, ಕೋರಸ್ ಆಫ್ ಮಾಡಿ, ಸೋಲೋ ನುಡಿಸುವುದು.

ಅದಕ್ಕೇ ನನ್ನ ಮಾತು ಏನೆಂದರೆ, ಈಗಿರುವ ಕ್ರಮವನ್ನೇ ಇಟ್ಟುಕೊಳ್ಳಿ, ಗಂಟನ್ನು ಮರೆಸುವುದನ್ನು ಕಲಿಯಿರಿ.

ಡೆಪ್ತ್ ಇಳಿಸುವುದು ಮೊದಲ ಹೆಜ್ಜೆ. ಒಬ್ಬರೇ ನುಡಿಸುವಾಗ ಇಷ್ಟವಾಗುವ ಡೆಪ್ತ್ ಲೂಪಿನಲ್ಲಿ ಜಾಸ್ತಿಯೇ ಆಗುತ್ತದೆ, ಯಾಕೆಂದರೆ ಪದರದ ಮೇಲೆ ಪದರ ಬೀಳುತ್ತದೆ. ಒಂದೊಂದು ಪದರದಲ್ಲೂ ಜೋಕಾಲಿ ಬೇರೆ ಬೇರೆ ಜಾಗದಲ್ಲಿ ಇರುತ್ತದೆ. ಮೂರು ಪದರ ಕೂಡಿದರೆ ಭಜನೆ ಹೋಗಿ ಸಂತೆ ಆಗುತ್ತದೆ. ಒಂದು ಪದರಕ್ಕೆ ಮಾತ್ರ ಕೋರಸ್ ಹಾಕಿ, ಉಳಿದದ್ದು ಒಣಗಿರಲಿ.

ಎರಡನೆಯದು ನನಗೆ ತುಂಬಾ ಇಷ್ಟದ ಉಪಾಯ. ಮೊದಲ ಸುತ್ತನ್ನು ರೆಕಾರ್ಡ್ ಮಾಡಬೇಡಿ. ಸುಮ್ನೆ ನುಡಿಸಿ. ಎರಡನೇ ಸುತ್ತಿನ "ಒಂದಕ್ಕೆ" ಲೂಪರ್ ಒತ್ತಿ, ಮೂರನೇ ಸುತ್ತಿನ "ಒಂದಕ್ಕೆ" ಮತ್ತೆ ಒತ್ತಿ. ಇದರಿಂದ ಏನಾಗುತ್ತದೆ? ಹಿಂದಿನ ಸುತ್ತಿನ ಕೊನೆಯ ಕಾರ್ಡಿನ ಬಾಲ ನಿಮ್ಮ ಲೂಪಿನ ತಲೆಯಲ್ಲಿ ಬಂದು ಕೂತಿರುತ್ತದೆ. ಲೂಪ್ ಸುತ್ತಿದಾಗ ಕೊನೆಯ ಕಾರ್ಡ್ ಕತ್ತರಿಸಿದ ಹಾಗೆ ಕೇಳಿಸುವುದಿಲ್ಲ. ಮೌನದಿಂದ ಶುರುವಾದ ಲೂಪಿಗೂ ನಡೆಯುತ್ತಿರುವಾಗ ಹಿಡಿದ ಲೂಪಿಗೂ ಇರುವ ವ್ಯತ್ಯಾಸ ಒಂದು ಸಲ ಕೇಳಿದರೆ ಸಾಕು, ಮತ್ತೆ ಹಳೇ ಪದ್ಧತಿಗೆ ಹೋಗುವುದಿಲ್ಲ ನೀವು.

ಮೂರನೆಯದು, ಗಂಟಿನ ಮೇಲೆ ಉದ್ದದ ಸ್ವರ ಎಳೆಯಬೇಡಿ. ಕೊನೆಯ ಕಾರ್ಡನ್ನು ಅರ್ಧ ಬೀಟ್ ಮೊದಲೇ ಅಂಗೈಯಿಂದ ಮುಚ್ಚಿ, "ಒಂದಕ್ಕೆ" ಸ್ವಲ್ಪ ಒತ್ತಿ ಬಾರಿಸಿ. ಹೊಸ ಕಾರ್ಡಿನ ಪೆಟ್ಟು ಬಿದ್ದಾಗ ಕಿವಿ ಅದರ ಕಡೆ ಹೋಗುತ್ತದೆ. ಜಾರಿಕೆ ಅಲ್ಲೇ ಇರುತ್ತದೆ, ಯಾರಿಗೂ ಕಾಣುವುದಿಲ್ಲ.

ಉದ್ದುದ್ದ ಸ್ವರಗಳನ್ನೇ ಹರಡಿ, ಮೋಡದ ಹಾಗೆ ನುಡಿಸುವ ಆಸೆ ನಿಮಗಿದ್ದರೆ ಮಾತ್ರ ಕೋರಸ್ಸನ್ನು ಲೂಪರ್ ಆಚೆಗೆ ಒಯ್ಯಿರಿ. ಅಲ್ಲಿ ಬೇಸ್ ಸಾಲು ಇಲ್ಲ, ಸೋಲೋ ಎದ್ದು ನಿಲ್ಲಬೇಕಾಗಿಯೂ ಇಲ್ಲ. ನಾಳೆ ನೀವು ಡಿಸ್ಟಾರ್ಶನ್ (ಸ್ವರವನ್ನು ಒಡೆದು ಗರಗರ ಅನ್ನಿಸುವ ಪೆಡಲ್) ತಗೊಂಡರೆ ಅದು ಎಲ್ಲಕ್ಕಿಂತ ಮೊದಲು ಇರಲಿ. ಲೂಪರ್ ಆದಮೇಲೆ ಡಿಸ್ಟಾರ್ಶನ್ ಇಟ್ಟರೆ ಎಲ್ಲ ಪದರವೂ ಒಂದೇ ಗಾಣಕ್ಕೆ ಬಿದ್ದು ನುಚ್ಚು ನೂರು. ಅಂಗಡಿಗೆ ಹೋದಾಗ ಇನ್ನೊಂದು ನೆನಪಿರಲಿ: ಆಂಪಿನ ಹಿಂದೆ "ಎಫೆಕ್ಟ್ಸ್ ಲೂಪ್" ಅಂತ ಇರುವುದಕ್ಕೂ ನಿಮ್ಮ ಲೂಪರ್‌ಗೂ ನೆಂಟಸ್ತಿಕೆ ಇಲ್ಲ. ಅದು ಆಂಪಿನ ನಡುವೆ ಪೆಡಲ್ ಸೇರಿಸುವ ಕಿಂಡಿ ಅಷ್ಟೇ. ಪೆಡಲ್‌ಗಳನ್ನು ಸಾಲಿನಿಂದ ಒಳಗೆ ಹೊರಗೆ ಮಾಡುವ ಸ್ವಿಚ್ಚಿನ ಡಬ್ಬಿಯನ್ನೂ ಕೆಲವರು ಲೂಪರ್ ಅನ್ನುತ್ತಾರೆ. ಅದರಲ್ಲಿ ರೆಕಾರ್ಡ್ ಆಗುವುದಿಲ್ಲ.

ಲೂಪರ್ ಬಗ್ಗೆ ಕೇಳಿಲ್ಲ ನೀವು, ಆದರೂ ಒಂದೆರಡು ಮಾತು. ಇದು ಈಗ ಎಷ್ಟು ಅಗ್ಗವಾಗಿದೆ ಅಂದರೆ ಹಿಂದೆ ಏನು ಪಾಡಿತ್ತು ಅಂತ ಮರೆತೇ ಹೋಗುತ್ತದೆ. 70ರ ದಶಕದಲ್ಲಿ ಇಂಗ್ಲೆಂಡಿನ ಸಂಗೀತಗಾರರಾದ ಬ್ರಿಯಾನ್ ಈನೊ ಮತ್ತು ರಾಬರ್ಟ್ ಫ್ರಿಪ್ ಎರಡು ರಿವಾಕ್ಸ್ ಟೇಪ್ ರೆಕಾರ್ಡರ್‌ಗಳನ್ನು ಅಕ್ಕಪಕ್ಕ ಇಟ್ಟು, ಒಂದೇ ಟೇಪನ್ನು ಎರಡರ ಮೂಲಕ ಹಾಯಿಸಿ ಲೂಪ್ ಮಾಡುತ್ತಿದ್ದರು. ಒಂದು ರೆಕಾರ್ಡ್ ಮಾಡುತ್ತದೆ, ಟೇಪ್ ಅಲ್ಲಿಂದ ನಡೆದು ಇನ್ನೊಂದಕ್ಕೆ ಬರುವಷ್ಟರಲ್ಲಿ ಕೆಲವು ಸೆಕೆಂಡ್, ಅದು ನುಡಿಸಿದ್ದು ಮತ್ತೆ ಮೊದಲನೆಯದಕ್ಕೆ. ಲೂಪ್ ಉದ್ದ ಮಾಡಬೇಕೆಂದರೆ ಮೇಜನ್ನೇ ದೂರ ಸರಿಸಬೇಕು! 1994ರ ಲೆಕ್ಸಿಕಾನ್ ಜ್ಯಾಮ್‌ಮ್ಯಾನ್ ಯಂತ್ರದಲ್ಲಿ ಕೊಂಡಾಗ ಸಿಗುತ್ತಿದ್ದದ್ದು 8 ಸೆಕೆಂಡ್. ದುಡ್ಡು ಕೊಟ್ಟು ಮೆಮೊರಿ ಹಾಕಿಸಿದರೆ 32. 2001ರಲ್ಲಿ ಬಾಸ್ ಆರ್‌ಸಿ-20 ಬಂದಾಗ ಐದೂವರೆ ನಿಮಿಷ ಆಯಿತು. 2004ರಲ್ಲಿ ಕೆ.ಟಿ. ಟನ್‌ಸ್ಟಾಲ್ ಎಂಬ ಸ್ಕಾಟ್‌ಲೆಂಡಿನ ಗಾಯಕಿ ಬಿಬಿಸಿ ಕಾರ್ಯಕ್ರಮವೊಂದರಲ್ಲಿ ಒಬ್ಬಳೇ ನಿಂತು ಒಂದು ಆಕಾಯ್ ಲೂಪರ್ ಒತ್ತುತ್ತಾ ಇಡೀ ಬ್ಯಾಂಡಿನ ಸದ್ದು ಕಟ್ಟಿದಳು, ಆಮೇಲೆ ಎಲ್ಲರಿಗೂ ಹುಚ್ಚು ಹಿಡಿಯಿತು. 2020ರ ಆರ್‌ಸಿ-5 ಎಂಬ ಅಂಗೈಯಗಲದ ಪೆಡಲ್‌ನಲ್ಲಿ ಎಲ್ಲ ಲೂಪ್ ಸೇರಿ ಒಟ್ಟು 13 ಗಂಟೆ ಹಿಡಿಸುತ್ತದೆ. ಹದಿಮೂರು ಗಂಟೆಯಷ್ಟು ಲೂಪ್‌ಗಳು ಯಾರಿಗೆ ಬೇಕು ಅಂತ ಕೇಳಬೇಡಿ.

ಐದು ನಿಮಿಷದ ಲೂಪ್ ಅಂದರೆ ಎಷ್ಟು ಗೊತ್ತಾ? ಸೆಕೆಂಡಿಗೆ 44,100 ಅಳತೆ, ಪ್ರತಿ ಅಳತೆಗೆ 24 ಬಿಟ್ ಅಂತ ಹಿಡಿದರೆ ಸುಮಾರು 4 ಕೋಟಿ ಬೈಟ್. ನಿಮ್ಮ ಮಾವನ ಪೆಡಲ್‌ನಲ್ಲಿ ಇರುವುದು 1024 ಬಾಂಡ್ಲಿ. ಇವೆರಡೂ ನಿಮ್ಮ ಕಾಲ ಬುಡದಲ್ಲಿ ಗೇಣಂತರದಲ್ಲಿ ಕೂತಿವೆ. ಕರೆಂಟಿನ ಜಗಳ ಶುರುವಾಗುವುದೇ ಅಲ್ಲಿ.

ಕುಂಯ್ ಸದ್ದಿನ ಮೂಲ ಲೂಪರ್ ಒಳಗಿನ ಕಂಪ್ಯೂಟರ್. ಅದು ಕರೆಂಟನ್ನು ಒಂದೇ ಸಮ ಕುಡಿಯುವುದಿಲ್ಲ, ಗುಟುಕು ಗುಟುಕಾಗಿ ಎಳೆಯುತ್ತದೆ, ಸೆಕೆಂಡಿಗೆ ಸಾವಿರಾರು ಸಲ. ಸಾಮಾನ್ಯವಾಗಿ ಇಂಥ ಸಣ್ಣ ಲೂಪರ್‌ಗೆ 100 ಮಿಲಿಆಂಪ್ ಸುತ್ತಮುತ್ತ ಬೇಕು. ಅದೇ ಕವಲು ವೈರಿನಲ್ಲಿ ಕೂತ ಕೋರಸ್‌ಗೆ ಆ ಗುಟುಕಿನ ಸದ್ದು ನೆಲದ ವೈರ್ (ಗ್ರೌಂಡ್) ಮೂಲಕ ಹೊಕ್ಕುತ್ತದೆ. ಕೋರಸ್ ಅನಲಾಗ್ ಆದ್ದರಿಂದ ಬಂದದ್ದನ್ನೆಲ್ಲ ಗಿಟಾರ್ ಅಂದುಕೊಂಡು ನಿಷ್ಠೆಯಿಂದ ಆಂಪಿಗೆ ಕಳಿಸುತ್ತದೆ. ಪಕ್ಕದ ಮನೆಯವರು ಬೋರ್‌ವೆಲ್ ಮೋಟರ್ ಹಾಕಿದಾಗ ನಮ್ಮ ಮನೆ ಬಲ್ಬ್ ಮಿಣುಕುತ್ತದಲ್ಲ, ಅದರ ಚಿಕ್ಕ ರೂಪ.

ಬೇರೆ ಅಡಾಪ್ಟರ್ ಹಾಕಿದರೆ ಸದ್ದು ಹೋಯಿತು, ಆದರೆ ಲೈಟ್ ಮಂಕಾಯಿತು ಅಂದಿರಲ್ಲ, ಆ ಒಂದು ಮಾತಿನಿಂದ ನಿಮ್ಮ ಪೆಡಲ್ ಹಳೇ ಅಸಲಿಯದು ಅಂತ ನನಗೆ ನಂಬಿಕೆ ಬಂತು. ಪೆಡಲ್‌ನ ಅಡಾಪ್ಟರ್ ತೂತಿನ ಪಕ್ಕ ನೋಡಿ, "ಎಸಿಎ" ಅಂತ ಮೂರಕ್ಷರ ಇರಬೇಕು. ಈಗಿನ ಬಾಸ್ ಪೆಡಲ್‌ಗಳಲ್ಲಿ "ಪಿಎಸ್ಎ" ಅಂತ ಇರುತ್ತದೆ. ಪಿಎಸ್ಎ ಅಂದರೆ ಕಟ್ಟುನಿಟ್ಟಾದ 9 ವೋಲ್ಟ್. ಎಸಿಎ ಕಾಲದ ಅಡಾಪ್ಟರ್ ಹಾಗಿರಲಿಲ್ಲ. ಅದು ಹತ್ತಿರ ಹತ್ತಿರ 12 ವೋಲ್ಟ್ ಕೊಡುತ್ತಿತ್ತು, ಪೆಡಲ್ ತನ್ನೊಳಗೆ ಒಂದು ರೆಸಿಸ್ಟರ್, ಒಂದು ಡಯೋಡ್ ಇಟ್ಟುಕೊಂಡು ಅದನ್ನು 9ರ ಆಸುಪಾಸಿಗೆ ಇಳಿಸಿಕೊಳ್ಳುತ್ತಿತ್ತು. ಈಗ ನೀವು ಬರೀ 9 ಕೊಟ್ಟರೆ ಅದು 9ರಲ್ಲೂ ಕಳೆಯುತ್ತದೆ. ಪೆಡಲ್ ಅರೆಹೊಟ್ಟೆ.

ಹಾಗಾದರೆ ಕವಲು ವೈರಿನಲ್ಲಿ ಯಾಕೆ ಚೆನ್ನಾಗಿತ್ತು? ಆ ರೆಸಿಸ್ಟರ್ ಕೂತಿರುವುದು ನೆಲದ ಕಡೆಯ ದಾರಿಯಲ್ಲಿ. ಲೂಪರ್ ಅದೇ ಅಡಾಪ್ಟರ್‌ನಲ್ಲಿ ಇದ್ದಾಗ ಕರೆಂಟು ಗಿಟಾರ್ ಕೇಬಲ್ಲಿನ ಹೊರಕವಚದ ಮೂಲಕ ಲೂಪರ್‌ಗೆ ಹೋಗಿ ಅಲ್ಲಿಂದ ಅಡಾಪ್ಟರ್ ಸೇರುತ್ತದೆ. ರೆಸಿಸ್ಟರ್ ಎಂಬ ಟೋಲ್‌ಗೇಟ್ ತಪ್ಪಿಸಿ ಊರೊಳಗಿನ ದಾರಿ ಹಿಡಿದ ಹಾಗೆ. ಅದಕ್ಕೆ ಪೂರ್ತಿ 9 ಸಿಕ್ಕಿತು. ಬೇರೆ ಅಡಾಪ್ಟರ್ ಹಾಕಿದ ಕೂಡಲೇ ಆ ದಾರಿ ಮುಚ್ಚಿತು.

ಈಗ ಏನು ಮಾಡಬೇಕು ಅಂದರೆ, ನಾನಾಗಿದ್ದರೆ ಕೋರಸ್‌ಗೆ ಒಂದು 9 ವೋಲ್ಟ್ ಬ್ಯಾಟರಿ ಹಾಕಿ ಸುಮ್ಮನಾಗುತ್ತಿದ್ದೆ. ಬ್ಯಾಟರಿಯಲ್ಲಿ ಸದ್ದೂ ಇಲ್ಲ, ಮಂಕೂ ಇಲ್ಲ. ಇದು ಲೂಪರ್ ಥರ ಕರೆಂಟ್ ಕುಡಿಯುವ ಪೆಡಲ್ ಅಲ್ಲ. ಒಂದೇ ಎಚ್ಚರ: ನುಡಿಸಿ ಮುಗಿಸಿದ ಮೇಲೆ ಇನ್‌ಪುಟ್ ಕೇಬಲ್ ಕಿತ್ತಿಡಿ. ಈ ಪೆಡಲ್‌ಗಳಲ್ಲಿ ಬ್ಯಾಟರಿಯ ಸ್ವಿಚ್ ಅಂದರೆ ಆ ಕೇಬಲ್ಲೇ. ಕಾಲಿನಿಂದ ಆಫ್ ಮಾಡಿದರೆ ಲೈಟ್ ಹೋಗುತ್ತದೆ, ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.

ಬ್ಯಾಟರಿ ಬೇಡ ಅಂದರೆ ಪ್ರತಿ ತೂತೂ ಬೇರೆ ಬೇರೆಯಾಗಿರುವ ಪವರ್ ಸಪ್ಲೈ ತಗೊಳ್ಳಿ. ಅದರಲ್ಲಿ 12 ವೋಲ್ಟ್ ತೂತಿನಿಂದ ಕೋರಸ್‌ಗೆ, 9 ವೋಲ್ಟ್ ತೂತಿನಿಂದ ಲೂಪರ್‌ಗೆ. 12 ವೋಲ್ಟಿನಿಂದ ಕವಲು ತೆಗೆದು ಎರಡಕ್ಕೂ ಕೊಡುವ ಯೋಚನೆ ಮಾತ್ರ ಬೇಡ. ಲೂಪರ್‌ಗೆ 12 ಹೋಗುತ್ತದೆ, ಆಗ ಹೊಸದು ತಗೋ ಅನ್ನುವ ಗೆಳೆಯರ ಮಾತು ನಿಜವಾಗುತ್ತದೆ.

12 ವೋಲ್ಟ್ ಅಂದ ಕೂಡಲೇ ಮನೆಯಲ್ಲಿ ಬಿದ್ದಿರುವ ವೈಫೈ ರೂಟರಿನ ಅಡಾಪ್ಟರ್ ಮೇಲೆ ಕಣ್ಣು ಹೋಗುತ್ತದೆ. ನನ್ನ ಕಣ್ಣೂ ಒಂದು ಸಲ ಹೋಗಿತ್ತು. ಪಿನ್ ಸರಿಯಾಗಿ ಕೂತಿತು. ಲೈಟ್ ಬರಲಿಲ್ಲ. ಎರಡು ಸೆಕೆಂಡ್ ಆದಮೇಲೆ ಸುಟ್ಟ ಬೆಲ್ಲದಂಥ ವಾಸನೆ ಬಂತು. ರೂಟರ್ ಅಡಾಪ್ಟರ್‌ನಲ್ಲಿ ಸಾಮಾನ್ಯವಾಗಿ ಪಿನ್ನಿನ ನಡುವೆ ಪ್ಲಸ್, ಹೊರಗೆ ಮೈನಸ್. ಗಿಟಾರ್ ಪೆಡಲ್‌ಗಳಲ್ಲಿ ಹೆಚ್ಚಿನವು ಅದರ ಉಲ್ಟಾ, ನಡುವೆ ಮೈನಸ್. ಅಡಾಪ್ಟರ್ ಮೈಮೇಲೆ ಚಿಕ್ಕ ಚಿತ್ರ ಇರುತ್ತದೆ, ಭೂತಗನ್ನಡಿ ಹಿಡಿದಾದರೂ ನೋಡಿ. ಇನ್ನು ಮಾವನ ಅಟ್ಟದಲ್ಲಿ ಅದೃಷ್ಟಕ್ಕೆ ಸಿಇ-1 ಏನಾದರೂ ಸಿಕ್ಕರೆ ನೇರ ಗೋಡೆಗೆ ಚುಚ್ಚಬೇಡಿ. ಜಪಾನಿನಲ್ಲಿ ಮಾರಿದ್ದು 100 ವೋಲ್ಟಿನದು, ನಮ್ಮದು 230. ಹಿಂದೆ ಬರೆದದ್ದು ಓದಿ, ಸರಿಯಾದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿಯೇ ಹಚ್ಚಿ.

ಗೆಳೆಯರ ಮಾತಿಗೆ ಬಂದರೆ, ಬಾಸ್‌ನವರೇ 2016ರಲ್ಲಿ ಸಿಇ-2ಡಬ್ಲ್ಯು ಅಂತ ಒಂದು ಮಾಡಿದ್ದಾರೆ. ಸಿಇ-1, ಸಿಇ-2 ಎರಡರ ದನಿಯೂ ಅದರಲ್ಲಿದೆ, ಸ್ಟೀರಿಯೊ ಇದೆ, ಒಳಗೆ ಈಗಲೂ ಅದೇ ಬಾಂಡ್ಲಿ ಸಾಲು. ಒಳ್ಳೆ ಪೆಡಲ್. ಎರಡು ಆಂಪ್ ಇಟ್ಟು ನುಡಿಸುವ ಯೋಗ ನಿಮಗಿದ್ದರೆ ಅದು ಬೇಕೇ ಬೇಕು, ಯಾಕೆಂದರೆ ಮಾವನದು ಮೋನೊ. ಒಂದೇ ಆಂಪ್ ಇರುವವರೆಗೆ ಇದನ್ನು ಕೊಟ್ಟು ಅದನ್ನು ತರುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಗಂಟಿನ ಜಾರಿಕೆ ಅದರಲ್ಲೂ ಇದ್ದೇ ಇರುತ್ತದೆ, ಜೋಕಾಲಿ ಅದರಲ್ಲೂ ತೂಗುತ್ತದಲ್ಲ.

ಬ್ಯಾಟರಿ ಹಾಕುವ ಮುಂಚೆ ಒಂದು ಕೆಲಸ ಮಾಡಿ. ಪೆಡಲ್‌ನ ಮುಂದಿನ ದಪ್ಪ ತಿರುಪನ್ನು ಬೆರಳಲ್ಲೇ ಬಿಚ್ಚಿದರೆ ಮುಚ್ಚಳ ಮೇಲೇಳುತ್ತದೆ. ಬ್ಯಾಟರಿ ಕ್ಲಿಪ್ಪಿನ ಮೇಲೆ ಹಸಿರು ಬಿಳಿ ಪುಡಿ ಇದೆಯಾ ನೋಡಿ. ಇದ್ದರೆ ಹಿಂದೆ ಯಾವುದೋ ಬ್ಯಾಟರಿ ಸೋರಿದೆ, ಕ್ಲಿಪ್ ಬದಲಿಸಿ. ನಾಬ್ ತಿರುಗಿಸಿದಾಗ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಾಕು. ನಲವತ್ತು ವರ್ಷದ ಪೆಡಲ್ ಆದ್ದರಿಂದ ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಒಣಗುತ್ತಾ ಬಂದಿರಬಹುದು. ಬ್ಯಾಟರಿಯಲ್ಲೂ ಕೋರಸ್ ಸೊರಗಿದ್ದರೆ ಆಗ ಅವನ್ನು ಬದಲಿಸುವ ಮಾತು. ಆಡಿಯೊ ರಿಪೇರಿ ಗೊತ್ತಿರುವ ಯಾರಾದರೂ ಒಂದು ಮಧ್ಯಾಹ್ನದಲ್ಲಿ ಮಾಡಿಕೊಡುತ್ತಾರೆ, ಸಾಮಾನು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ. ಎಂಎನ್3007 ಮಾತ್ರ ಸತ್ತಿದೆ ಅಂತ ಖಾತ್ರಿ ಆಗುವವರೆಗೆ ಯಾರಿಗೂ ಕೀಳಲು ಬಿಡಬೇಡಿ. ಪ್ಯಾನಸೋನಿಕ್ ಅದನ್ನು ನಿಲ್ಲಿಸಿ ಎಷ್ಟೋ ವರ್ಷವಾಯಿತು. ಮಾರುಕಟ್ಟೆಯಲ್ಲಿ ಹಳೇ ಹೆಸರು ಅಚ್ಚು ಹಾಕಿದ ನಕಲಿ ಚಿಪ್‌ಗಳು ಬೇಕಾದಷ್ಟಿವೆ.

ಬೋರ್ಡಿನ ಮೇಲೆ ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ಪುಟ್ಟ ಟ್ರಿಮ್ಮರ್ ಕಾಣುತ್ತದೆ. ಬಾಂಡ್ಲಿ ಎಷ್ಟು ತುಂಬಬೇಕು ಅಂತ ಕಾರ್ಖಾನೆಯಲ್ಲಿ ಕೂರಿಸಿದ್ದು ಅದು. ಕೈ ತುರಿಸುತ್ತದೆ, ಗೊತ್ತು. ಮುಟ್ಟಲೇಬೇಕು ಅಂದರೆ ಮೊದಲು ಪೆನ್ನಿನಿಂದ ಈಗಿರುವ ಜಾಗಕ್ಕೆ ಒಂದು ಗುರುತು ಹಾಕಿ, ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.